ಅಕ್ಕನ ಹದ ಕಾಯುವ ನಾಲಿಗೆ

ಆಸ್ಪತ್ರೆಯ ಹಿಂಬದಿಯಲ್ಲಿ, ಬಟ್ಟೆ ಒಗೆಯುವ ಕೋಣೆಗೂ ಮುರಿದ ಮಂಚಗಳನ್ನು ಪೇರಿಸಿಟ್ಟ ಶೆಡ್ಡಿಗೂ ನಡುವೆ ಒಂದು ಅಡುಗೆಮನೆಯಿದೆ. ಮುಂಬಾಗಿಲಿನಿಂದ ಬಂದು ಮುಂಬಾಗಿಲಿನಿಂದಲೇ ಹೋಗುವವರಿಗೆ ಅದು ಇದೆಯೆಂದು ಗೊತ್ತಾಗುವುದೂ ಇಲ್ಲ. ಇನ್ನೂ ಬೆಳಕು ಹರಿಯುತ್ತಿರುವ ಹೊತ್ತು. ಕಿಟಕಿಯ ಸರಳುಗಳ ಸಂದಿಯಿಂದ ಹಬೆ ಹೊರಗೆ ಬರುತ್ತಿದೆ. ಒಳಗೆ, ತಲೆಗೆ ಬಿಳಿ ಬಟ್ಟೆ ಬಿಗಿದುಕೊಂಡ ಹೆಂಗಸೊಬ್ಬರು ಎರಡೂ ಕೈಯಲ್ಲಿ ಉದ್ದನೆಯ ಸೌಟು ಹಿಡಿದು ದೊಡ್ಡ ಪಾತ್ರೆಯ ತಳ ಕೆರೆಯುತ್ತಿದ್ದಾರೆ. ನುಚ್ಚಕ್ಕಿಯ ಗಂಜಿ ಕೊತಕೊತ ಕುದಿಯುತ್ತಿದೆ. ಒಂದು ಗಳಿಗೆ ಕೈ ನಿಂತರೂ ತಳ ಹತ್ತುತ್ತದೆ, ತಳ ಹತ್ತಿತೆಂದರೆ ಅವತ್ತಿಡೀ ವಾರ್ಡುಗಳಲ್ಲಿ ಅದೇ ಮಾತು.

ಕುದಿ ಹದಕ್ಕೆ ಬಂದ ಮೇಲೆ ಉಪ್ಪು ಬೀಳುತ್ತದೆ. ಅದಕ್ಕೆ ಚಮಚವಿಲ್ಲ, ಅಂಗೈಯೇ ಅಳತೆ. ಆಮೇಲೆ ಅವರು ಅರ್ಧ ಸೌಟು ಗಂಜಿಯನ್ನು ಸಣ್ಣ ಸ್ಟೀಲ್ ಬಟ್ಟಲಿಗೆ ಬಗ್ಗಿಸಿ, ಕಿಟಕಿಯ ಕಟ್ಟೆಯ ಮೇಲಿಟ್ಟು, ಕೈ ಕಟ್ಟಿ ನಿಂತುಬಿಡುತ್ತಾರೆ. ಲೋಕವೆಲ್ಲ ಅವಸರದಲ್ಲಿರುವ ಹೊತ್ತಿನಲ್ಲಿ ಈ ಒಬ್ಬರು ಒಂದು ಬಟ್ಟಲು ಗಂಜಿ ಆರಲೆಂದು ಕಾಯುತ್ತಿರುವುದು ನೋಡಿದವರಿಗೆ ನಗು ತರಿಸುವಂತಿದೆ.

"ಚಿಕ್ಕಮ್ಮಾ, ಟ್ರಾಲಿ ಬಂದು ನಿಂತಿದೆ," ಎಂದು ಸಹಾಯಕಿ ಬಾಗಿಲಿನಿಂದ ಕೂಗುತ್ತಾಳೆ.

"ನಿಂತಿರ್ಲಿ ಬಿಡೇ. ಅದಕ್ಕೇನು ಕಾಲು ನೋಯುತ್ತಾ?"

ಬಟ್ಟಲಿನ ಹಬೆ ಪೂರ್ತಿ ಅಡಗಿದ ಮೇಲೆ ಅವರು ಕಣ್ಣು ಮುಚ್ಚಿ ಒಂದು ಚಮಚ ಗಂಜಿಯನ್ನು ನಾಲಿಗೆಯ ಮೇಲಿಟ್ಟುಕೊಳ್ಳುತ್ತಾರೆ. ಗುಂಪಿನಲ್ಲಿ ಯಾರನ್ನೋ ಹುಡುಕುತ್ತಿರುವವರ ಹಾಗೆ ಹುಬ್ಬು ಗಂಟಾಗುತ್ತದೆ. ಆಮೇಲೆ ಸಡಿಲಾಗುತ್ತದೆ. ಬಟ್ಟಲು ಚಮಚ ಎರಡನ್ನೂ ತೊಳೆಯಲು ಹಾಕಿ, ಕೈ ತೊಳೆದು ಬಂದು, "ಹೂಂ, ತಗೊಂಡು ಹೋಗಿ," ಎನ್ನುತ್ತಾರೆ.

ಟ್ರಾಲಿ ಗಡಗಡ ಸದ್ದು ಮಾಡುತ್ತ ವಾರ್ಡಿನ ಕಡೆ ಹೊರಡುತ್ತದೆ. "ಬಿಸೀಲಿ ನಾಲಿಗೆ ಸುಳ್ಳು ಹೇಳುತ್ತೆ," ಎಂದು ಚಿಕ್ಕಮ್ಮ ವಿವರಿಸುತ್ತಾರೆ. "ವಾರ್ಡಿನ ಕೊನೇ ಮಂಚಕ್ಕೆ ಹೋಗೋ ಹೊತ್ತಿಗೆ ಗಂಜಿ ಆರಿರುತ್ತೆ. ಅವರ ಬಾಯಿಗೆ ಹೇಗೆ ಹೋಗುತ್ತೋ ಹಾಗೇ ನಮ್ಮ ಬಾಯಿಗೂ ಹೋಗ್ಬೇಕು. ಇದು ನನ್ನ ಬುದ್ಧಿ ಅಂದ್ಕೋಬೇಡಿ, ಅಕ್ಕಂದು."

ಆ ಒಂದು ಶಬ್ದ ಅವರ ಬಾಯಲ್ಲಿ ದಿನಕ್ಕೆ ಎಷ್ಟು ಸಲ ಬರುತ್ತದೆಯೋ ಲೆಕ್ಕವಿಲ್ಲ. ಆಸ್ಪತ್ರೆಯವರೆಲ್ಲ ಇವರನ್ನು ಕರೆಯುವುದು ಚಿಕ್ಕಮ್ಮನೆಂದೇ. ದೊಡ್ಡ ಡಾಕ್ಟರಿಂದ ಹಿಡಿದು ನೆಲ ಒರೆಸುವವರವರೆಗೆ ಎಲ್ಲರಿಗೂ ಚಿಕ್ಕಮ್ಮ. ಯಾರಾದರೂ ಹೊಸಬರು ಬಾಯಿತಪ್ಪಿ "ಗಂಜಿಯಕ್ಕ" ಎಂದರೆ ಮುಖ ಗಂಟಿಕ್ಕಿಕೊಳ್ಳುತ್ತಾರೆ. ಗಂಜಿಯಕ್ಕ ಎಂದರೆ ಈ ಒಲೆಯ ಮುಂದೆ ಇವರಿಗಿಂತ ಮೊದಲು ನಿಂತಿದ್ದ ಇವರ ಅಕ್ಕ. ಆ ಹೆಸರನ್ನು ಇನ್ನೊಬ್ಬರಿಗೆ ಕೊಡಲು ಇವರು ತಯಾರಿಲ್ಲ. ತಮಗೂ ತೆಗೆದುಕೊಂಡಿಲ್ಲ.

ಅಮ್ಮ ಬೇಗ ಹೋದ ಮೇಲೆ ತಂಗಿಯನ್ನು ಸಾಕಿದ್ದು ಈ ಅಕ್ಕನೇ. ಚಿಕ್ಕಂದಿನಲ್ಲಿ ಜ್ವರ ಬಂದಾಗಲೆಲ್ಲ ಅಕ್ಕ ಗಂಜಿ ಮಾಡಿ, ಆರಿಸಿ, ತೊಡೆಯ ಮೇಲೆ ತಲೆ ಇಟ್ಟುಕೊಂಡು ಕುಡಿಸುತ್ತಿದ್ದರಂತೆ. ದೊಡ್ಡವರಾದ ಮೇಲೆ ಅಕ್ಕನಿಗೆ ಆಸ್ಪತ್ರೆಯಲ್ಲಿ ಅಡುಗೆ ಕೆಲಸ ಸಿಕ್ಕಿತು. ಆಸ್ಪತ್ರೆಯ ಲಾಂಡ್ರಿಯಲ್ಲೇ ಕೆಲಸ ಮಾಡುವವನೊಬ್ಬನಿಗೆ ತಂಗಿಯನ್ನು ಕೊಟ್ಟು ಮದುವೆಯೂ ಆಯಿತು. ತಂಗಿ ತರಕಾರಿ ಹೆಚ್ಚುವ ಕೆಲಸಕ್ಕೆ ಅದೇ ಅಡುಗೆಮನೆ ಸೇರಿದರು. ಅಲ್ಲಿಂದ ಮುಂದೆ ಅಕ್ಕ ಒಲೆಯ ಹತ್ತಿರ, ತಂಗಿ ಈಳಿಗೆಯ ಹತ್ತಿರ. ಬೇಳೆ ಬೇಯಿಸಿದ್ದುಂಟು, ಅನ್ನ ಬಸಿದದ್ದುಂಟು, ಗಂಜಿಯ ಪಾತ್ರೆಯ ಹತ್ತಿರ ಮಾತ್ರ ತಂಗಿಗೆ ಪ್ರವೇಶವಿರಲಿಲ್ಲ.

"ನಂಗೂ ಕಲಿಸೇ ಅಂದ್ರೆ, ನಾನೇನು ಸಾಯ್ತಾ ಇದೀನಾ ಅನ್ನೋಳು," ಎನ್ನುತ್ತಾರೆ ಚಿಕ್ಕಮ್ಮ. ನಕ್ಕು, ಆ ನಗುವನ್ನು ಅರ್ಧಕ್ಕೇ ನಿಲ್ಲಿಸುತ್ತಾರೆ.

ನಾಲ್ಕು ವರ್ಷದ ಹಿಂದೆ ಇಂಥದೇ ಒಂದು ಮುಂಜಾನೆ ಅಕ್ಕ ಒಲೆಯ ಮುಂದೆ ನಿಂತಿದ್ದವರು ಎದೆ ಹಿಡಿದುಕೊಂಡು ಕೂತರು. ಅಡುಗೆಮನೆಯಿಂದ ತುರ್ತು ಚಿಕಿತ್ಸೆಯ ಕೋಣೆಗೆ ಓಡಿದರೆ ಎರಡೇ ನಿಮಿಷದ ದಾರಿ. ಅಷ್ಟು ಹತ್ತಿರವಿದ್ದೂ ಅಕ್ಕ ಉಳಿಯಲಿಲ್ಲ. ಒಲೆಯ ಮೇಲೆ ಗಂಜಿ ಕುದಿಯುತ್ತಿತ್ತು, ಉಪ್ಪು ಇನ್ನೂ ಬಿದ್ದಿರಲಿಲ್ಲ. ಮೇಲೆ ವಾರ್ಡಿನಲ್ಲಿ ಜನ ಕಾಯುತ್ತಿದ್ದರು. ತಂಗಿ ಕಣ್ಣೊರೆಸಿಕೊಂಡು ಬಂದು, ಮೊದಲ ಸಲ ಆ ಪಾತ್ರೆಗೆ ಕೈ ಹಾಕಿ ಉಪ್ಪು ಬಿಟ್ಟರು. ಎಷ್ಟು ಹಾಕಿದರೆಂದು ಅವರಿಗೆ ಇವತ್ತಿಗೂ ನೆನಪಿಲ್ಲ.

"ನಂಗೆ ಅಕ್ಕನ ಕೈ ಗೊತ್ತಿರಲಿಲ್ಲ, ಅವಳ ಗಂಜಿ ಮಾತ್ರ ಗೊತ್ತಿತ್ತು. ಅದು ಇಲ್ಲಿತ್ತು," ಎಂದು ನಾಲಿಗೆಯ ತುದಿ ಮುಟ್ಟಿ ತೋರಿಸುತ್ತಾರೆ. "ಇಲ್ಲಿರೋದಕ್ಕೆ ಹೊಂದೋ ತನಕ ಮಾಡ್ತಾ ಹೋದೆ. ತಿಂಗಳುಗಟ್ಟಲೆ ಹಿಡೀತು. ಅಕ್ಕನ ಫೋಟೋ ಒಂದಿದೆ, ಅದರಲ್ಲಿ ಅವಳು ಅವಳ ಥರ ಇಲ್ಲ. ಸೀರೆಗೀರೆ ಉಟ್ಟು ಗೊಂಬೆ ಥರ ನಿಂತಿದ್ದಾಳೆ. ಅಕ್ಕ ಅಂದ್ರೆ ನಂಗೆ ಈ ರುಚಿ."

ಈಗ ದಿನಕ್ಕೆ ಹೆಚ್ಚುಕಡಿಮೆ ಇನ್ನೂರು ಬಟ್ಟಲು ಗಂಜಿ ಇಲ್ಲಿಂದ ಹೊರಡುತ್ತದೆ. ಹೊಟ್ಟೆ ಕೊಯ್ಸಿಕೊಂಡವರು, ಜ್ವರದಲ್ಲಿ ಮಲಗಿದವರು, ವಾಂತಿ ಭೇದಿಯಿಂದ ಹೈರಾಣಾದವರು, ಹಲ್ಲಿಲ್ಲದವರು, ಎಲ್ಲರಿಗೂ ಇದೇ. ಯಾರೂ ಗಂಜಿಯನ್ನು ಆಸೆಪಟ್ಟು ಕುಡಿಯುವುದಿಲ್ಲ. ಡಾಕ್ಟರು ಹೇಳಿದ್ದಾರೆಂದು ಮೂಗು ಮುರಿಯುತ್ತ ಕುಡಿಯುತ್ತಾರೆ, ಚೇತರಿಸಿಕೊಂಡು ಮನೆಗೆ ಹೋದ ಮೇಲೆ ಮೊದಲು ಮರೆಯುವುದೂ ಇದನ್ನೇ. ಚಿಕ್ಕಮ್ಮನಿಗೆ ಅದರ ಬಗ್ಗೆ ಬೇಜಾರಿಲ್ಲ. ಬಟ್ಟಲು ಖಾಲಿಯಾಗಿ ವಾಪಸ್ ಬಂದರೆ ಅವರಿಗೆ ಅಷ್ಟೇ ಸಾಕು.

ಬಟ್ಟಲುಗಳು ತುಂಬಿಕೊಂಡೇ ವಾಪಸ್ ಬಂದ ಒಂದು ದಿನವೂ ಇದೆ. ಅದರ ಕಥೆ ಶುರುವಾಗುವುದು ಕಳೆದ ಮಳೆಗಾಲದಲ್ಲಿ, ಚಿಕ್ಕಮ್ಮನ ಹೊಟ್ಟೆಯಿಂದ.

ಮೊದಲು ಹೊಟ್ಟೆ ಹಿಂಡಿದಂತಾಯಿತು. ಆಮೇಲೆ ಭೇದಿ. ಮಾರನೇ ದಿನ ರಕ್ತ, ಲೋಳೆ, ಜ್ವರ. ಇನ್ನೂರು ಜನಕ್ಕೆ ಪಥ್ಯದ ಊಟ ಕೊಡುವವರು ತಾವೇ ಗಂಜಿ ಕುಡಿಯುವ ಸ್ಥಿತಿಗೆ ಬಂದರು. ಡಾಕ್ಟರಮ್ಮ ಮಲ ಪರೀಕ್ಷೆ ಮಾಡಿಸಿ, ವರದಿ ನೋಡಿ ಹೇಳಿದರು: "ಹೊಟ್ಟೆಯಲ್ಲಿ ಎರಡು ಥರದ ರೋಗಾಣು ಸೇರ್ಕೊಂಡಿವೆ ಚಿಕ್ಕಮ್ಮ. ಒಂದು ಬ್ಯಾಕ್ಟೀರಿಯಾ, ಇನ್ನೊಂದು ಅಮೀಬಾ. ಒಂದಕ್ಕೆ ಕೊಟ್ಟ ಔಷಧಿ ಇನ್ನೊಂದಕ್ಕೆ ತಾಗಲ್ಲ. ಅದಕ್ಕೇ ಎರಡು ಔಷಧಿ ಸೇರಿರೋ ಗುಳಿಗೆ ಬರೆದಿದ್ದೀನಿ. ಬರೆದಷ್ಟೂ ಮುಗಿಸ್ಬೇಕು. ಮುಗಿಸಿ, ಇನ್ನೊಂದ್ಸಲ ಪರೀಕ್ಷೆ ಆಗೋವರೆಗೂ ಅಡುಗೆಮನೆ ಕಡೆ ತಲೆ ಹಾಕಬೇಡಿ."

ಗುಳಿಗೆ ಕೊಡುವ ಕಿಟಕಿಯಲ್ಲಿ ಕೂರುವವರಿಗೆ ಆಸ್ಪತ್ರೆಯಲ್ಲಿ ಗುಳಿಗೆ ಮೇಷ್ಟ್ರು ಎಂದು ಹೆಸರು. ಸರದಿಯಲ್ಲಿ ಎಷ್ಟೇ ಜನ ಇರಲಿ, ಪ್ರತಿಯೊಬ್ಬರಿಗೂ ಪಾಠ ಮಾಡದೆ ಬಿಡುವುದಿಲ್ಲ. ಹಿಂದೆ ನಿಂತವರು ಗೊಣಗಿದರೆ ಅವರಿಗೂ ಸೇರಿಸಿ ಮಾಡುತ್ತಾರೆ. ಚಿಕ್ಕಮ್ಮನಿಗೂ ಪಾಠ ನಡೆಯಿತು. ಊಟದ ಮೇಲೆ ನೀರಿನ ಜೊತೆ ನುಂಗಬೇಕು. ಹಾಲಿನ ಜೊತೆ ಬೇಡ. ಎದೆಯುರಿಗೆ ಕುಡಿಯುವ ಔಷಧಿ, ಕಬ್ಬಿಣ ಕ್ಯಾಲ್ಸಿಯಂ ಮಾತ್ರೆ ಇದ್ದರೆ ಗುಳಿಗೆ ನುಂಗಿ ಎರಡು ಗಂಟೆಯಾದ ಮೇಲೆ ತೆಗೆದುಕೊಳ್ಳಬೇಕು, ಅವನ್ನು ಮೊದಲೇ ತೆಗೆದುಕೊಂಡಿದ್ದರೆ ಗುಳಿಗೆಗೆ ಆರು ಗಂಟೆ ಕಾಯಬೇಕು, ಇಲ್ಲದಿದ್ದರೆ ಗುಳಿಗೆ ಮೈಗೆ ಹತ್ತುವುದಿಲ್ಲ. ತಲೆ ಸುತ್ತಬಹುದು, ಏಣಿಗೀಣಿ ಹತ್ತಬಾರದು. ಹಿಮ್ಮಡಿಯ ಹಿಂದೆ ನೋವು ಬಂದರೆ, ಮೈಮೇಲೆ ಗಂಧೆ ಎದ್ದರೆ, ಕೈಕಾಲು ಜೋಮು ಹಿಡಿದರೆ, ನುಂಗುವುದನ್ನು ನಿಲ್ಲಿಸಿ ಅವತ್ತೇ ಓಡಿ ಬರಬೇಕು.

"ಕುಡಿಯೋ ಅಭ್ಯಾಸ ಇದೆಯಾ?" ಎಂದೂ ಕೇಳಿದರು.

"ಏನಂದ್ರಿ?" ಎಂದು ಚಿಕ್ಕಮ್ಮ ಕಣ್ಣು ಕೆಂಪಗೆ ಮಾಡಿದರು.

"ಕೋಪ ಮಾಡ್ಕೋಬೇಡಿ, ಎಲ್ಲರನ್ನೂ ಕೇಳ್ತೀನಿ. ಗುಳಿಗೆ ನಡೀತಿರುವಾಗ, ಮುಗಿದು ಮೂರು ದಿನದವರೆಗೂ ಮದ್ಯ ಮುಟ್ಟಬಾರದು. ಕೆಮ್ಮಿನ ಔಷಧೀಲೂ ಒಂದೊಂದ್ಸಲ ಇರುತ್ತೆ, ಕೇಳ್ಕೊಂಡು ತಗೊಳ್ಳಿ. ಮತ್ತೆ, ಹೊಟ್ಟೆ ಸರಿಹೋಯ್ತು ಅಂತ ಮಧ್ಯದಲ್ಲಿ ಬಿಡಬೇಡಿ. ಬಾಯಿ ಸ್ವಲ್ಪ ಕೆಡುತ್ತೆ, ಅದೇನೂ ದೊಡ್ಡದಲ್ಲ."

ಕೊನೆಯ ಆ ಮಾತನ್ನು ನೆನೆದು ಮೇಷ್ಟ್ರು ಈಗಲೂ ತಲೆ ಆಡಿಸುತ್ತಾರೆ. "ದಿನಾ ನೂರು ಜನಕ್ಕೆ ಹೇಳ್ತೀನಿ. ಡ್ರೈವರಿಗೆ, ಟೈಲರಿಗೆ, ಮೇಸ್ತ್ರಿಗೆ ಬಾಯಿ ಕೆಟ್ಟರೆ ನಿಜವಾಗ್ಲೂ ದೊಡ್ಡದಲ್ಲ. ಇವರು ನಾಲಿಗೆಯಿಂದ ಕೆಲಸ ಮಾಡೋರು ಅಂತ ನಂಗೆ ಹೊಳೀಲೇ ಇಲ್ಲ ನೋಡಿ."

ಗುಳಿಗೆ ಕೆಲಸ ಶುರು ಮಾಡಿತು. ಜ್ವರ ಇಳಿಯಿತು, ಹೊಟ್ಟೆಯ ಹಿಂಡಾಟ ತಗ್ಗಿತು. ಜೊತೆಗೆ ಬಾಯಿಯೂ ಕೆಟ್ಟಿತು. ಬೀಗದ ಕೈಯನ್ನು ಬಾಯಲ್ಲಿಟ್ಟುಕೊಂಡ ಹಾಗೆ ಇಡೀ ದಿನ ಕಬ್ಬಿಣದ ರುಚಿ. ನೀರೂ ಕಬ್ಬಿಣ, ಅನ್ನವೂ ಕಬ್ಬಿಣ. ಮನೆಯಲ್ಲಿ ಅಡುಗೆ ಮಾಡಬಾರದೆಂದು ಯಾರೂ ಹೇಳಿರಲಿಲ್ಲವೆಂದು ಅವರೇ ವಾದ ಮಾಡಿ, ಒಂದು ರಾತ್ರಿ ಬೇಳೆ ಬೇಯಿಸಿದರು. ಡಾಕ್ಟರಮ್ಮನಿಗೆ ಗೊತ್ತಾಗಿದ್ದರೆ ಅದಕ್ಕೂ ಬೈಗುಳ ಕಾದಿತ್ತು. ಲಾಂಡ್ರಿಯಲ್ಲಿ ಕೆಲಸ ಮಾಡುವ ಅವರ ಯಜಮಾನರು ಒಂದು ತುತ್ತು ಬಾಯಿಗಿಟ್ಟು, ಎದ್ದು ಹೋಗಿ ಒಂದು ಚೊಂಬು ನೀರು ತಂದಿಟ್ಟುಕೊಂಡು ಮತ್ತೆ ಊಟಕ್ಕೆ ಕೂತರು.

"ಉಪ್ಪು ಜಾಸ್ತಿಯಾಗಿದೆ ಅಂತ ಇವಳಿಗೆ ಹೇಳೋ ಗಂಡಸು ಇನ್ನೂ ಹುಟ್ಟಿಲ್ಲ ಸ್ವಾಮಿ," ಎಂದು ಅವರು ಈಗ ನಗುತ್ತಾರೆ. "ಸುಮ್ನೆ ನೀರು ಕುಡ್ಕೊಂಡು ತಿಂದೆ. ನಾನು ಬಾಯಿ ಬಿಟ್ಟಿದ್ರೆ ಅವಳಿಗೆ ಅವತ್ತೇ ಗೊತ್ತಾಗ್ತಿತ್ತು. ಆಸ್ಪತ್ರೆಲಿ ಹಾಗಾಗ್ತಿರಲಿಲ್ಲ."

ಆಸ್ಪತ್ರೆಯಲ್ಲಿ ಆದದ್ದು ಹೀಗೆ. ಹೊಟ್ಟೆ ತಣ್ಣಗಾಯಿತೆಂದು ಚಿಕ್ಕಮ್ಮ ಗುಳಿಗೆ ಮುಗಿಯುವ ಮೊದಲೇ, ಪರೀಕ್ಷೆಯನ್ನೂ ಮಾಡಿಸದೆ, ಎಲ್ಲ ಸರಿಹೋಗಿದೆ ಎಂದು ಹೇಳಿಕೊಂಡು ಒಲೆಯ ಮುಂದೆ ಬಂದು ನಿಂತರು. ಗಂಜಿ ಕುದಿಯಿತು, ಉಪ್ಪು ಬಿತ್ತು, ಬಟ್ಟಲು ಕಿಟಕಿಯ ಕಟ್ಟೆಯ ಮೇಲೆ ಆರಿತು. ಕಣ್ಣು ಮುಚ್ಚಿ ಚಮಚ ಬಾಯಿಗಿಟ್ಟುಕೊಂಡರು. ಬರೀ ಕಬ್ಬಿಣ. ಇನ್ನಷ್ಟು ಉಪ್ಪು ಹಾಕಿದರು. ಕಬ್ಬಿಣ. ಇನ್ನಷ್ಟು ಹಾಕಿದರು. ಅವತ್ತು ವಾರ್ಡಿನಿಂದ ಬಟ್ಟಲುಗಳು ಹೋದಂತೆಯೇ ವಾಪಸ್ ಬಂದವು.

"ಬೈದ್ರೂ ನಂಗೆ ಬೇಜಾರಿರಲಿಲ್ಲ," ಎನ್ನುತ್ತ ಚಿಕ್ಕಮ್ಮ ಒದ್ದೆ ಕೈಯನ್ನು ಮತ್ತೆ ಮತ್ತೆ ಒರೆಸಿಕೊಳ್ಳುತ್ತಾರೆ. "ಅಕ್ಕ ಸಿಗ್ಲಿಲ್ಲ. ಅಷ್ಟು ವರ್ಷ ದಿನಾ ಬೆಳಿಗ್ಗೆ ಒಂದು ಚಮಚದಲ್ಲಿ ಸಿಗ್ತಿದ್ಲು, ಅವತ್ತು ಸಿಗ್ಲಿಲ್ಲ. ಇನ್ನು ಯಾವತ್ತೂ ಸಿಗಲ್ವೇನೋ ಅಂತ ಹೆದರಿಕೆ ಆಯ್ತು. ಬೇರೆಲ್ಲೂ ಬರೆದಿಟ್ಟಿಲ್ಲ, ಬೇರೆ ಯಾರಿಗೂ ಗೊತ್ತಿಲ್ಲ. ನನ್ನ ನಾಲಿಗೆ ಹೋದ್ರೆ ಅಕ್ಕನೂ ಪೂರ್ತಿ ಹೋದ್ಲು ಅಂತ ಅರ್ಥ ತಾನೇ?"

ಅವತ್ತೇ ಅವರು ಗುಳಿಗೆ ನುಂಗುವುದನ್ನು ನಿಲ್ಲಿಸಿದರು. ಉಳಿದ ಗುಳಿಗೆಗಳ ಹಾಳೆಯನ್ನು ಮಡಚಿ ಮೆಣಸಿನ ಡಬ್ಬಿಯೊಳಗೆ ಇಳಿಸಿದರು. ಒಂದೆರಡು ದಿನದಲ್ಲಿ ಕಬ್ಬಿಣ ಕರಗಿತು, ಅಕ್ಕ ವಾಪಸ್ ಬಂದರು. ಚಿಕ್ಕಮ್ಮನಿಗೆ ಸ್ವರ್ಗ ಮೂರೇ ಗೇಣು. ಆದರೆ ಅಮೀಬಾಕ್ಕೆ ಅಕ್ಕ ತಂಗಿಯರ ಸಂಬಂಧ ಗೊತ್ತಿಲ್ಲ. ಅರ್ಧ ಪೆಟ್ಟು ತಿಂದು ಸುಮ್ಮನಿದ್ದದ್ದು ಸ್ವಲ್ಪ ದಿನದ ಮೇಲೆ ಮತ್ತೆ ತಲೆಯೆತ್ತಿತು. ಹೊಟ್ಟೆ ಮತ್ತೆ ಹಿಂಡತೊಡಗಿತು. ಗೊತ್ತಾದರೆ ಮತ್ತೆ ಅದೇ ಗುಳಿಗೆ ಕೊಡುತ್ತಾರೆಂಬ ಹೆದರಿಕೆಗೆ ಅವರು ಯಾರಿಗೂ ಹೇಳದೆ ಹಲ್ಲು ಕಚ್ಚಿಕೊಂಡು ಸೌಟು ತಿರುವಿದರು.

ಗುಟ್ಟು ರಟ್ಟಾದದ್ದು ಸಹಾಯಕಿಯಿಂದ. ಅವಳಿಗೆ ಎಲ್ಲರೂ ಗಿಣಿ ಎನ್ನುತ್ತಾರೆ, ಬಾಯಿಗೆ ಬಿಡುವಿಲ್ಲವೆಂದು. ಆಗ ಅವಳು ಮೂರು ತಿಂಗಳ ಬಸುರಿ. ಹೊರಗೆಲ್ಲೋ ತಿಂದದ್ದು ಆಗದೆ ಹೊಟ್ಟೆ ಕೆಟ್ಟಿತ್ತು. ಮೆಣಸು ತೆಗೆಯಲು ಡಬ್ಬಿಗೆ ಕೈ ಹಾಕಿದವಳಿಗೆ ಗುಳಿಗೆಯ ಹಾಳೆ ಸಿಕ್ಕಿತು.

"ಚಿಕ್ಕಮ್ಮಾ, ಇದು ನಿಮ್ಮ ಹೊಟ್ಟೆ ಗುಳಿಗೆ ಅಲ್ವಾ? ಉಳಿದಿದೆಯಲ್ಲ, ನಂಗೆರಡು ಕೊಡಿ. ಸುಮ್ನೆ ಅಷ್ಟು ಹೊತ್ತು ಲೈನಲ್ಲಿ ಯಾರು ನಿಲ್ತಾರೆ?"

ಕೊಟ್ಟುಬಿಡಬಹುದಿತ್ತು. ಕೊಟ್ಟಿದ್ದರೆ ಗುಟ್ಟು ಗುಟ್ಟಾಗಿಯೇ ಉಳಿಯುತ್ತಿತ್ತು. ಚಿಕ್ಕಮ್ಮನಿಗೆ ಅವಳ ಹೊಟ್ಟೆಯ ಕೂಸು ಕಣ್ಣ ಮುಂದೆ ಬಂತು. "ತಡಿ, ಮೇಷ್ಟ್ರನ್ನ ಒಂದು ಮಾತು ಕೇಳ್ತೀನಿ," ಎಂದು ಹಾಳೆ ಹಿಡಿದುಕೊಂಡು ಕಿಟಕಿಗೆ ಹೋದರು.

"ನಮ್ಮ ಗಿಣಿಗೆ ಭೇದಿ. ಇದರಲ್ಲಿ ಎರಡು ಕೊಡ್ಲಾ?"

ಮೇಷ್ಟ್ರು ಹಾಳೆ ತೆಗೆದುಕೊಂಡು ತಿರುಗಿಸಿ ನೋಡಿದರು. ಆಮೇಲೆ ಚಿಕ್ಕಮ್ಮನನ್ನು ನೋಡಿದರು. "ಬಸುರಿಗೆ ಡಾಕ್ಟರು ನೋಡದೆ ಇದನ್ನ ಮುಟ್ಟಿಸೋ ಹಾಗೇ ಇಲ್ಲ. ಹೊಟ್ಟೆ ಕೆಟ್ಟವರಿಗೆಲ್ಲ ಇದು ಬೇಕಾಗೋದೂ ಇಲ್ಲ. ಮೊದಲು ಅವಳನ್ನ ಡಾಕ್ಟರಮ್ಮನ ಹತ್ರ ಕಳಿಸಿ. ಅದಿರ್ಲಿ, ಇದು ನಾನು ನಿಮಗೆ ಕೊಟ್ಟ ಗುಳಿಗೆ. ಇನ್ನೂ ಇಲ್ಲೇ ಯಾಕಿದೆ?"

ಚಿಕ್ಕಮ್ಮನಿಗೆ ಅಳು ಬಂತು. ಸರದಿಯಲ್ಲಿ ನಿಂತವರೆಲ್ಲ ನೋಡುತ್ತಿದ್ದರು. ಮೇಷ್ಟ್ರು ಕಿಟಕಿ ಮುಚ್ಚಿ ಹೊರಗೆ ಬಂದು ಬೆಂಚಿನ ಮೇಲೆ ಪಕ್ಕದಲ್ಲಿ ಕೂತರು. ಅಕ್ಕ, ಗಂಜಿ, ಕಬ್ಬಿಣ, ಮೆಣಸಿನ ಡಬ್ಬಿ, ಎಲ್ಲ ಹೊರಗೆ ಬಂತು.

"ನಾಲಿಗೆ ಎಲ್ಲೂ ಹೋಗಿಲ್ಲ ಚಿಕ್ಕಮ್ಮ," ಎಂದರು ಮೇಷ್ಟ್ರು. "ಗುಳಿಗೆ ಇರೋವರೆಗೆ ಹಾಗೆ, ಮುಗಿದ ಮೇಲೆ ತಾನಾಗೇ ಸರಿಹೋಗುತ್ತೆ. ನೀವೇ ನೋಡಿದ್ರಲ್ಲ, ಎರಡು ದಿನಕ್ಕೆ ಬಂತು. ರುಚಿ ಹೋಯ್ತು ಅನ್ನಿಸಿದಾಗ ಇಲ್ಲಿಗೆ ಬಂದು ಒಂದು ಮಾತು ಕೇಳಿದ್ರೆ ಆಗಿತ್ತು. ನೀವು ಮಧ್ಯದಲ್ಲಿ ಬಿಟ್ಟಿದ್ದಕ್ಕೆ ಒಳಗಿರೋದು ಹಾಗೇ ಉಳೀತು. ಆ ಕೈಯಲ್ಲಿ ಇನ್ನೂರು ಬಟ್ಟಲು ಹೋಗ್ತಾ ಇದೆ. ನಿಮ್ಮಕ್ಕ ಇದ್ದಿದ್ರೆ ಒಪ್ತಿದ್ರಾ?"

ಆ ಕೊನೆಯ ಪ್ರಶ್ನೆ ಚಿಕ್ಕಮ್ಮನಿಗೆ ನಾಟಿತು. ತಮ್ಮಿಂದ ಯಾರಿಗಾದರೂ ಅಂಟಿತೇ ಎಂದು ಅವರು ಎಷ್ಟೋ ರಾತ್ರಿ ನಿದ್ದೆ ಮಾಡಲಿಲ್ಲ. ಅಡುಗೆಮನೆಯವರನ್ನೆಲ್ಲ ಪರೀಕ್ಷೆ ಮಾಡಿದರು, ಯಾರಿಗೂ ಏನೂ ಇರಲಿಲ್ಲ. ವಾರ್ಡಿನಿಂದ ಮನೆಗೆ ಹೋದವರ ಸುದ್ದಿ ಯಾರಿಗೆ ಗೊತ್ತು? ಅದನ್ನು ಹೇಳುವಾಗ ಇವತ್ತಿಗೂ ಅವರು ತಲೆ ಎತ್ತುವುದಿಲ್ಲ.

ಗಿಣಿಗೆ ಗುಳಿಗೆಯೇ ಬೇಕಾಗಲಿಲ್ಲ. ಉಪ್ಪು ಸಕ್ಕರೆ ಬೆರೆತ ಪುಡಿಯ ನೀರು ಕುಡಿದು, ಡಾಕ್ಟರಮ್ಮನ ಬೈಗುಳ ತಿಂದು, ಎರಡನೇ ದಿನಕ್ಕೆ ಎದ್ದು ಓಡಾಡಿದಳು. ಚಿಕ್ಕಮ್ಮನಿಗೆ ಮತ್ತೆ ಪರೀಕ್ಷೆಯಾಯಿತು. ಡಾಕ್ಟರಮ್ಮ ವರದಿ ನೋಡಿ ಅದೇ ಗುಳಿಗೆಯನ್ನು ಮೊದಲಿಂದ ಶುರು ಮಾಡಿಸಿದರು. ಈ ಸಲ ಅಡುಗೆಮನೆಯ ಬೀಗದ ಕೈಯನ್ನೂ ಇಸಿದುಕೊಂಡರು.

ಹಾಗಾದರೆ ಗಂಜಿ ಯಾರು ಮಾಡುವುದು? ಗಿಣಿ. ರುಚಿ ಯಾರು ನೋಡುವುದು? ಅದೂ ಗಿಣಿಯೇ. ಅವಳಿಗೆ ಅಕ್ಕನ ಗಂಜಿ ಗೊತ್ತಿಲ್ಲ. ಅಕ್ಕ ಹೋದ ಮೇಲೆ ಕೆಲಸಕ್ಕೆ ಸೇರಿದವಳು.

ಆ ದಿನಗಳಲ್ಲಿ ಚಿಕ್ಕಮ್ಮ ಮುಂಜಾನೆ ಎದ್ದು ಬಂದು ಅಡುಗೆಮನೆಯ ಹೊರಗೆ, ಕಿಟಕಿಯ ಕೆಳಗೆ ತರಕಾರಿ ಕ್ರೇಟೊಂದನ್ನು ಬೋರಲು ಹಾಕಿಕೊಂಡು ಕೂರುತ್ತಿದ್ದರು. ಒಳಗಿನಿಂದ ಸೌಟಿನ ಸದ್ದು ಕೇಳುತ್ತಿತ್ತು. ಸದ್ದಿನಿಂದಲೇ ಗಂಜಿ ಎಷ್ಟು ಗಟ್ಟಿಯಾಗಿದೆಯೆಂದು ಅವರಿಗೆ ತಿಳಿಯುತ್ತಿತ್ತು. "ನೀರು ಹಾಕೇ, ಸದ್ದು ದಪ್ಪ ಆಯ್ತು," ಎಂದು ಹೊರಗಿನಿಂದ ಕೂಗುತ್ತಿದ್ದರು. ಮನೆಯ ಹೊಸ್ತಿಲ ಹೊರಗೆ ನಿಲ್ಲಿಸಿದಂತೆ ಅವರಿಗೆ ಸಂಕಟವಾಗುತ್ತಿತ್ತು. ಹಬೆ ಕಿಟಕಿಯಿಂದ ಇಳಿದು ಮುಖಕ್ಕೆ ತಾಗಿದರೆ, ಅದರಲ್ಲಾದರೂ ಏನಾದರೂ ಸಿಗುತ್ತದೆಯೇ ಎಂದು ಮೂಗರಳಿಸುತ್ತಿದ್ದರು.

"ಚಿಕ್ಕಮ್ಮಾ, ಅಕ್ಕನ ಹದ ಅಂದ್ರೆ ಹೇಗಿರುತ್ತೆ ಹೇಳಿ," ಎಂದು ಗಿಣಿ ಮೊದಲ ದಿನ ಸರಳುಗಳ ಹಿಂದಿನಿಂದ ಕೇಳಿದಳು.

ಅಷ್ಟು ವರ್ಷ ನಾಲಿಗೆಯಲ್ಲಿದ್ದದ್ದು ಮಾತಿಗೆ ಬಂದೇ ಇರಲಿಲ್ಲ. ಚಿಕ್ಕಮ್ಮ ಶಬ್ದ ಹುಡುಕುತ್ತ ಹೇಳಿದರು: "ಬಾಯಲ್ಲಿರುವಾಗ ಉಪ್ಪು ಇದೆ ಅಂತ ಗೊತ್ತಾಗಬಾರದು. ನುಂಗಿದ ಮೇಲೆ, ಓ ಇತ್ತಲ್ಲ ಅನ್ಸಬೇಕು."

ಗಿಣಿ ಆರಿಸಿದಳು, ನುಂಗಿದಳು, ಯೋಚಿಸಿದಳು. "ಬಾಯಲ್ಲೇ ಗೊತ್ತಾಗ್ತಿದೆ ಚಿಕ್ಕಮ್ಮಾ." ನೀರು ಬಿತ್ತು. "ಈಗ ನುಂಗಿದ ಮೇಲೂ ಗೊತ್ತಾಗಲ್ಲ." ಟ್ರಾಲಿಯವನು ಬಂದು ತಲೆ ಚಚ್ಚಿಕೊಂಡ. ಎರಡು ದಿನ ಬಟ್ಟಲುಗಳಲ್ಲಿ ತಳದ ಗಂಜಿ ಉಳಿದೇ ಬಂತು. ಮೂರನೇ ದಿನದ ಬಟ್ಟಲುಗಳು ಪೂರ್ತಿ ಖಾಲಿ. ಗಿಣಿ ಕಿಟಕಿಯಿಂದ ಒಂದೊಂದನ್ನೇ ಎತ್ತಿ ತೋರಿಸಿ ಕುಣಿದಳು, ಹೊಟ್ಟೆಯಲ್ಲಿರುವ ಕೂಸಿನ ಗ್ಯಾನವೂ ಇಲ್ಲದೆ.

"ಖುಷಿ ಆಯ್ತು," ಎನ್ನುತ್ತಾರೆ ಚಿಕ್ಕಮ್ಮ. "ಹೊಟ್ಟೆಕಿಚ್ಚೂ ಆಯ್ತು, ಸುಳ್ಳು ಯಾಕೆ ಹೇಳ್ಲಿ? ನನ್ನ ಅಕ್ಕ ಅವಳಿಗೆ ಸಿಕ್ಕಿದ್ಲು, ನಂಗೆ ಬಾಯಿ ತುಂಬಾ ಬೀಗದ ಕೈ."

ಗಿಣಿ ದಿನಾ ಒಂದು ಬಟ್ಟಲು ಗಂಜಿಯನ್ನು ಹೊರಗೆ ಕೊಡುತ್ತಿದ್ದಳು. ಚಿಕ್ಕಮ್ಮ ಕುಡಿಯುತ್ತಿದ್ದರು. ಕಬ್ಬಿಣ ಬಿಟ್ಟು ಬೇರೇನೂ ಸಿಗದಿದ್ದರೂ ತಳದವರೆಗೆ ಕುಡಿದು, ಊಟವಾಯಿತೆಂದು ಹೇಳಿ, ನೀರಿನ ಜೊತೆ ಗುಳಿಗೆ ನುಂಗಿ, ನಾಲಿಗೆ ಚಾಚಿ ಗಿಣಿಗೆ ತೋರಿಸುತ್ತಿದ್ದರು, ಮೋಸ ಮಾಡಿಲ್ಲವೆಂದು. ಹಾಳೆ ಪೂರ್ತಿ ಖಾಲಿಯಾಯಿತು. ಡಾಕ್ಟರಮ್ಮ ಹೇಳಿದ ದಿನ ಪರೀಕ್ಷೆಯಾಗಿ ವರದಿ ಚೊಕ್ಕಟವಾಗಿ ಬಂತು. ಬೀಗದ ಕೈ ವಾಪಸ್ ಸಿಕ್ಕಿತು, ಬಾಯಲ್ಲಿದ್ದದ್ದೂ ಒಂದೆರಡು ದಿನದಲ್ಲಿ ಹೊರಟುಹೋಯಿತು.

ಈಗ ಮೇಷ್ಟ್ರ ಪಾಠಕ್ಕೆ ಒಂದು ಹೊಸ ಪ್ರಶ್ನೆ ಸೇರಿದೆ. ಈ ಗುಳಿಗೆ ಕೊಡುವಾಗ, "ಏನು ಕೆಲಸ ಮಾಡ್ತೀರಿ?" ಎಂದು ಕೇಳುತ್ತಾರೆ. ಅಡುಗೆಯವರೆಂದರೆ, ಟೀ ಅಂಗಡಿಯವರೆಂದರೆ, "ಅಡುಗೆಮನೆ ಬಿಟ್ಟು ಇರಿ, ನಾಲಿಗೆಗೆ ಹೆದರಬೇಡಿ, ವಾಪಸ್ ಬರುತ್ತೆ. ನಂಬಿಕೆ ಇಲ್ಲದಿದ್ರೆ ಹಿಂದುಗಡೆ ಹೋಗಿ ಗಂಜಿ ಮಾಡೋರನ್ನ ಕೇಳಿ," ಎಂದು ಕೈ ತೋರಿಸುತ್ತಾರೆ. ಒಬ್ಬಿಬ್ಬರು ನಿಜವಾಗಿಯೂ ಕೇಳಲು ಬಂದಿದ್ದಾರೆ. ಚಿಕ್ಕಮ್ಮ ಅವರನ್ನು ಬಾಗಿಲ ಹೊರಗೇ ನಿಲ್ಲಿಸಿ, ಕೈ ತೊಳೆಸಿ, ಕಥೆ ಹೇಳಿ ಕಳಿಸಿದ್ದಾರೆ. ಮೆಣಸಿನ ಡಬ್ಬಿಯ ಭಾಗವನ್ನು ಬಿಡದೆ ಹೇಳುತ್ತಾರೆ.

ಗಿಣಿಗೆ ಈಗ ದಿನ ತುಂಬುತ್ತ ಬಂದಿದೆ. ಒಲೆಯ ಮುಂದೆ ನಿಂತರೆ ಹೊಟ್ಟೆ ಪಾತ್ರೆಗೆ ತಾಗುತ್ತದೆಯೆಂದು ಎಲ್ಲರೂ ಗೇಲಿ ಮಾಡುತ್ತಾರೆ. ಬರುವ ವಾರ ಅವಳು ಹೆರಿಗೆಗೆಂದು ರಜೆ ಹಾಕುತ್ತಾಳೆ. ಮತ್ತೆ ಇದೇ ಕೆಲಸಕ್ಕೆ ಬರುತ್ತಾಳೋ ಇಲ್ಲವೋ ಅವಳಿಗೇ ಗೊತ್ತಿಲ್ಲ. ಚಿಕ್ಕಮ್ಮ ಆ ಮಾತು ಬಂದಾಗಲೆಲ್ಲ ಏನಾದರೂ ಕೆಲಸ ಹುಡುಕಿಕೊಂಡು ಎದ್ದುಹೋಗುತ್ತಾರೆ.

"ನಾನು ಮಾಡೋ ಗಂಜೀಲಿ ಅಕ್ಕ ಸಿಗ್ತಾಳೆ, ಇಲ್ಲ ಅನ್ನಲ್ಲ," ಎಂದು ಪಾತ್ರೆ ಉಜ್ಜುತ್ತ ಹೇಳುತ್ತಾರೆ. "ಆದ್ರೆ ನಾನೇ ಕುದಿಸಿ, ನಾನೇ ಉಪ್ಪು ಹಾಕಿ, ನಾನೇ ಹುಡುಕೋದು. ಅದು ಅಕ್ಕನ್ನ ನೆನಪು ಮಾಡ್ಕೊಂಡ ಹಾಗೆ, ಅಷ್ಟೇ. ಇನ್ನೊಬ್ರು ಮಾಡಿ, ಆರಿಸಿ, ಕೈಗೆ ಕೊಟ್ರೆ ಹೇಗಿರುತ್ತೆ ಅನ್ನೋದು ಮರ್ತೇಹೋಗಿತ್ತು. ಗಿಣಿ ಕೊಟ್ಟಾಗ ನನ್ನ ಬಾಯಿ ಕೆಟ್ಟಿತ್ತು. ಬಾಯಿ ಸರಿಹೋದ ಮೇಲೆ ನಂಗೆ ಕೇಳೋಕೆ ನಾಚಿಕೆ. ಈ ವಯಸ್ಸಲ್ಲಿ, ನಂಗೆ ಗಂಜಿ ಮಾಡಿಕೊಡೇ ಅಂತ ಕೇಳೋದಾ?"

ಅಷ್ಟು ತಿಂಗಳು ಕೇಳದೇ ಉಳಿದದ್ದನ್ನು ಗಿಣಿ ಇವತ್ತು ಕೇಳಿಸಿಕೊಂಡಿದ್ದಾಳೆ. ಬಾಗಿಲಲ್ಲೇ ನಿಂತಿದ್ದವಳು ಒಳಗೆ ಬಂದು ಸಣ್ಣ ಪಾತ್ರೆಗೆ ನುಚ್ಚಕ್ಕಿ ಸುರಿಯುತ್ತಾಳೆ. ಚಿಕ್ಕಮ್ಮ ಎದ್ದು ತಡೆಯಲು ಹೋದರೆ ಭುಜ ಹಿಡಿದು ವಾರ್ಡಿನ ಹೊರಗಿರುವ ಬೆಂಚಿನವರೆಗೆ ನಡೆಸಿಕೊಂಡು ಹೋಗಿ ಕೂರಿಸುತ್ತಾಳೆ. ಅಲ್ಲಿ ಬೇರೆ ಬೇರೆ ಊರಿನಿಂದ ಬಂದ ರೋಗಿಗಳ ಕಡೆಯವರು ಕೂತಿದ್ದಾರೆ. ತಲೆಯ ಬಿಳಿ ಬಟ್ಟೆ ಬಿಚ್ಚಿ ಮಡಿಲಲ್ಲಿಟ್ಟುಕೊಂಡ ಚಿಕ್ಕಮ್ಮ, ಅವರಲ್ಲಿ ಒಬ್ಬರ ಹಾಗೆ, ಕೈ ಎಲ್ಲಿಡಬೇಕೆಂದು ತಿಳಿಯದೆ ಕೂತಿರುತ್ತಾರೆ.

ಗಿಣಿ ಬಟ್ಟಲು ಹಿಡಿದು ನಿಧಾನಕ್ಕೆ ನಡೆದು ಬರುತ್ತಾಳೆ. ಕೊಡುವ ಮೊದಲು ಬಟ್ಟಲಿನ ಹೊರಮೈಗೆ ಕೈ ಹಚ್ಚಿ ಆರಿದೆಯೇ ಎಂದು ನೋಡುತ್ತಾಳೆ. ಚಿಕ್ಕಮ್ಮ ಕಣ್ಣು ಮುಚ್ಚಿ ಒಂದು ಚಮಚ ಬಾಯಿಗಿಟ್ಟುಕೊಳ್ಳುತ್ತಾರೆ. ಹುಬ್ಬು ಗಂಟಾಗುವುದಿಲ್ಲ. ನುಂಗುತ್ತಾರೆ. ಕಣ್ಣು ಮುಚ್ಚಿಕೊಂಡೇ ಇರುತ್ತಾರೆ.

"ಉಪ್ಪು ಹೇಗಿದೆ ಚಿಕ್ಕಮ್ಮಾ? ಕಮ್ಮಿ ಆಯ್ತಾ?"

"ಒಂದು ಹರಳು ಕಮ್ಮಿ."

"ತಡೀರಿ, ಹಾಕ್ಕೊಂಡು ಬರ್ತೀನಿ," ಎಂದು ಗಿಣಿ ಕೈ ಚಾಚುತ್ತಾಳೆ.

ಚಿಕ್ಕಮ್ಮ ಬಟ್ಟಲನ್ನು ಎದೆಗೆ ಒತ್ತಿಕೊಂಡು ಮೇಲೆ ಅಂಗೈ ಮುಚ್ಚುತ್ತಾರೆ. "ಮುಟ್ಟಬೇಡ ಕಣೇ. ಅಕ್ಕಂದು ಹೀಗೇ ಇರ್ತಿತ್ತು, ಒಂದು ಹರಳು ಕಮ್ಮಿ. ನಾನೇ ಹೆದರಿಕೊಂಡು ಇಷ್ಟು ವರ್ಷ ಒಂದು ಹರಳು ಜಾಸ್ತಿ ಹಾಕ್ತಿದ್ದೆ."

ಆಮೇಲೆ ಅವರು ಒಂದೊಂದೇ ಚಮಚ ಕುಡಿಯುತ್ತಾರೆ. ಪಕ್ಕದಲ್ಲಿ ಕೂತಿದ್ದ ಯಾವುದೋ ಊರಿನ ಹೆಂಗಸು, ಗಂಜಿ ಕುಡಿಯುತ್ತ ಅಳುತ್ತಿರುವವರನ್ನು ನೋಡಿ, "ಒಳಗೆ ಯಾರಿದ್ದಾರಮ್ಮ ನಿಮ್ಮವರು?" ಎಂದು ಮೆಲ್ಲಗೆ ಕೇಳುತ್ತಾಳೆ.

"ಅಕ್ಕ," ಎನ್ನುತ್ತಾರೆ ಚಿಕ್ಕಮ್ಮ. ಖಾಲಿ ಬಟ್ಟಲನ್ನು ಗಿಣಿಯ ಕಡೆಗೆ ಚಾಚುತ್ತಾರೆ. "ಇನ್ನೊಂದು ಸೌಟು ಹಾಕೇ."